ಹೊಳೆಯನ್ನು ನೆತ್ತಿಯಿಂದ ಕಾಯುವುದು: ಜಲಾನಯನ ಸ್ವಯಂಸೇವಕರಿಗೆ ಒಂದು ಕೈಪಿಡಿ

ಅರ್ಕಾವತಿ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುತ್ತದೆ. ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರಗಳ ಸೀಮೆಯನ್ನು ಹಾದು, ಸುಮಾರು 190 ಕಿಲೋಮೀಟರ್ ಕ್ರಮಿಸಿ, ಸಂಗಮದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಇದೇ ನೀರನ್ನು ನಂಬಿ 1894ರಲ್ಲಿ ಹೆಸರಘಟ್ಟದಲ್ಲಿಯೂ, 1933ರಲ್ಲಿ ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿಯೂ ಜಲಾಶಯಗಳನ್ನು ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲಾಯಿತು. ಒಳಹರಿವು ವರ್ಷದಿಂದ ವರ್ಷಕ್ಕೆ ಸೊರಗುತ್ತ ಬಂದು, 2012ರ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದಲೂ ನಗರಕ್ಕೆ ನೀರು ಬರುವುದು ನಿಂತಿತು.

ಹೊಳೆ ಏಕೆ ಬತ್ತಿತು ಎಂದು ಕೇಳಿದರೆ ಹೆಚ್ಚಿನವರು ಮಳೆ ಕಡಿಮೆಯಾಯಿತು ಎನ್ನುತ್ತಾರೆ. ಆದರೆ ಬೆಂಗಳೂರಿನ ಪರಿಸರ ಅಧ್ಯಯನ ಸಂಸ್ಥೆಯಾದ ಏಟ್ರೀಯ ಸಂಶೋಧಕರು ತಿಪ್ಪಗೊಂಡನಹಳ್ಳಿಯ ಮೇಲ್ಭಾಗವನ್ನು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಳೆಯ ಪ್ರಮಾಣವಾಗಲಿ ಬಿಸಿಲಿನ ಏರಿಕೆಯಾಗಲಿ ಈ ಬತ್ತುವಿಕೆಯನ್ನು ವಿವರಿಸುವುದಿಲ್ಲವೆಂದೂ, ಅಂತರ್ಜಲವನ್ನು ವಿಪರೀತವಾಗಿ ಮೇಲೆತ್ತಿದ್ದು ಮತ್ತು ನೀಲಗಿರಿ ತೋಪುಗಳು ಹಬ್ಬಿದ್ದು ಅತಿ ಸಂಭವನೀಯ ಕಾರಣಗಳೆಂದೂ ತಿಳಿಸಿದರು. ನದಿ ಕಾಯಲು ಹೊರಡುವ ಯಾವ ಗುಂಪಾದರೂ ಈ ಮಾತನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಹೊಳೆ ಬತ್ತಿದ್ದು ಹೊಳೆಯ ಪಾತ್ರದಲ್ಲಿ ಅಲ್ಲ. ಪಾತ್ರಕ್ಕೆ ನೀರು ಕಳಿಸುವ ದಿಣ್ಣೆ, ಹೊಲ, ತೋಪು, ಕೊಳವೆಬಾವಿಗಳಲ್ಲಿ. ಹೀಗಿರುವಾಗ ಪಾತ್ರಕ್ಕಿಳಿದು ಒಂದು ದಿನ ಪ್ಲಾಸ್ಟಿಕ್ ಆರಿಸುವುದರಿಂದ ಕೆಲಸ ಆರಂಭಿಸಿದರೆ ಆ ದಿನದ ಉತ್ಸಾಹ ಅಲ್ಲಿಗೇ ಮುಗಿಯುತ್ತದೆ. ನೆತ್ತಿಯಿಂದ ಆರಂಭಿಸಬೇಕು, ಅದಕ್ಕೂ ಮೊದಲು ಒಂದು ಲೆಕ್ಕದ ಪುಸ್ತಕ ತೆರೆಯಬೇಕು. ಈ ಕೈಪಿಡಿಯನ್ನು ಅರ್ಕಾವತಿಯ ಮೇಲ್ಭಾಗವನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದೇನೆ. ಕೆರೆಗಳ ಸರಪಳಿಯ ಮೇಲೆ ಬದುಕುವ ಬಯಲುಸೀಮೆಯ ಯಾವುದೇ ಹಳ್ಳಕ್ಕೂ ಇದರ ಬಹುಭಾಗ ಹೊಂದುತ್ತದೆ.

ಎಲ್ಲೆ ಗುರುತಿಸುವುದು

ಇಡೀ ನದಿಯನ್ನು ಯಾವ ಗುಂಪೂ ಕಾಯಲಾರದು. ಬಿದ್ದ ಮಳೆಯೆಲ್ಲ ಹರಿದು ಒಂದೇ ಕಡೆಗೆ ಸೇರುವ ನೆಲವೇ ಜಲಾನಯನ. ಜಲಾನಯನ ಇಲಾಖೆಯವರು ಸುಮಾರು 500 ಹೆಕ್ಟೇರಿನ ತುಂಡನ್ನು ಕಿರು ಜಲಾನಯನವೆಂದು ಕರೆದು ಅದನ್ನೇ ಕೆಲಸದ ಘಟಕವಾಗಿ ಇಟ್ಟುಕೊಂಡಿದ್ದಾರೆ. ಸ್ವಯಂಸೇವಕರಿಗೂ ಆ ಅಳತೆ ಸರಿಯಾದದ್ದು: ಒಂದು ಕೆರೆ, ಅದಕ್ಕೆ ನೀರು ತರುವ ಎರಡು ಮೂರು ಹಳ್ಳಗಳು, ಆ ಹಳ್ಳಗಳ ಮೇಲಿನ ದಿಣ್ಣೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು) ನೋಡಿ, ಯಾವ ದಿಣ್ಣೆಯ ಈಚೆಗೆ ಬಿದ್ದ ಮಳೆ ನಿಮ್ಮ ಕೆರೆಗೆ ಬರುತ್ತದೆ, ಆಚೆಗೆ ಬಿದ್ದದ್ದು ಪಕ್ಕದ ಕೆರೆಗೆ ಹೋಗುತ್ತದೆ ಎಂಬುದನ್ನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಳ್ಳಿ. ಇದರ ಜೊತೆಗೆ ಗ್ರಾಮ ನಕ್ಷೆಯನ್ನು ಪಡೆಯಿರಿ. ಹಳ್ಳ, ಕೆರೆ, ದಾರಿಗಳು ಅದರಲ್ಲಿ ಕಾಣುತ್ತವೆ. ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಆ ಜಾಗ ದಾಖಲೆಯಲ್ಲಿ ಬಿ ಖರಾಬು ಎಂದು ನಮೂದಾಗಿರುತ್ತದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿದ್ದರೆ, ನೀವು ನಿಂತ ಜಾಗದ ಸರ್ವೆ ನಂಬರನ್ನು ಸ್ಥಳದಲ್ಲೇ ತಿಳಿಯಬಹುದು.

ನಂತರ ನಕ್ಷೆಯನ್ನು ಕೈಯಲ್ಲಿ ಹಿಡಿದು ನಡೆಯಬೇಕು. ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆ ಸುರಿಯುತ್ತಿರುವಾಗ. ಬೇಸಿಗೆಯ ನಡಿಗೆಯಲ್ಲಿ ಕಾಲುವೆ ಎಲ್ಲಿ ಮುಚ್ಚಿದೆ, ರಸ್ತೆಯ ಕೆಳಗಿನ ಮೋರಿ ಎಷ್ಟು ಎತ್ತರದಲ್ಲಿದೆ, ಯಾರ ಬೇಲಿ ಹಳ್ಳದೊಳಗೆ ಬಂದಿದೆ ಎಂಬುದು ಕಾಣುತ್ತದೆ. ಮಳೆಯ ನಡಿಗೆ ತೋರಿಸುವುದೇ ಬೇರೆ. ನಾವು ಒಮ್ಮೆ ಹೀಗೆ ಕೊಡೆ ಹಿಡಿದು ನಡೆದಾಗ, ನಕ್ಷೆಯ ಪ್ರಕಾರ ಕೆರೆಗೆ ಬರಬೇಕಾದ ಹಳ್ಳದ ನೀರು ಅರ್ಧ ದಾರಿಯಲ್ಲೇ ತಿರುಗಿ, ಹೊಸದಾಗಿ ಎತ್ತರಿಸಿದ ಬಂಡಿದಾರಿಯ ಪಕ್ಕದ ಚರಂಡಿ ಹಿಡಿದು ಬೇರೆ ಊರಿನ ಕಡೆಗೆ ಹೋಗುತ್ತಿದ್ದುದನ್ನು ಕಂಡೆವು. ಕೆರೆ ತುಂಬದೆ ಎಷ್ಟೋ ವರ್ಷಗಳಾಗಿದ್ದವು, ಊರವರು ಮಳೆಯನ್ನೇ ದೂರುತ್ತಿದ್ದರು. ಕಾರಣ ಮೊಣಕಾಲೆತ್ತರದ ಒಂದು ಮಣ್ಣಿನ ದಿಬ್ಬವಾಗಿತ್ತು.

ನಡೆಯುವಾಗ ಜೊತೆಗೆ ಕರೆದುಕೊಳ್ಳಬೇಕಾದವರು ಯಾರು ಎಂಬುದೂ ಮುಖ್ಯ. ಕುರಿ ಮೇಯಿಸುವವರಿಗೆ ಗುಡ್ಡದ ನೆತ್ತಿಯ ಒಂದೊಂದು ಒರತೆಯೂ ಗೊತ್ತು. ಊರಿನಲ್ಲಿ ಕೆರೆಯ ನೀರು ಹಂಚುವ ನೀರುಗಂಟಿ ಮನೆತನದವರು ಉಳಿದಿದ್ದರೆ ಅವರಿಗೆ ಹೊಲಕ್ಕೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಹೋಗುವ ಕೋಡಿ, ಕೆರೆಯ ನೀರುಣ್ಣುವ ಅಚ್ಚುಕಟ್ಟಿನ ಪಾಲು ಎಲ್ಲವೂ ಬಾಯಿಪಾಠ. ಬಟ್ಟೆ ಒಗೆಯಲು, ದನಕ್ಕೆ ನೀರು ಕುಡಿಸಲು ಹೋಗುವ ಹೆಂಗಸರಿಗೆ ಯಾವ ಕುಂಟೆ ಯಾವ ತಿಂಗಳವರೆಗೆ ನಿಲ್ಲುತ್ತದೆ ಎಂಬುದು ಯಾವ ಅಳತೆಗೋಲಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಇವರು ಹೇಳಿದ್ದನ್ನು ಅಲ್ಲೇ ನಕ್ಷೆಯ ಮೇಲೆ ಬರೆದುಕೊಳ್ಳಿ.

ಗುಂಪು ಕಟ್ಟುವುದು

ಒಂದು ಭಾನುವಾರ ಇನ್ನೂರು ಜನ ಬರುವುದಕ್ಕಿಂತ ಹತ್ತು ಜನ ಹತ್ತು ವರ್ಷ ಬರುವುದು ಹೆಚ್ಚು ಪ್ರಯೋಜನಕಾರಿ. ಹತ್ತರಲ್ಲಿ ಅರ್ಧದಷ್ಟಾದರೂ ಆ ಜಲಾನಯನದೊಳಗೇ ವಾಸಿಸುವವರಾಗಿರಬೇಕು, ಕೆಳಗಿನ ಊರಿನಿಂದ ಒಬ್ಬರಾದರೂ ಇರಬೇಕು. ಹಣಕಾಸಿನ ವ್ಯವಹಾರ ಬಂದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಏಳು ಜನ ಸೇರಿ ಸಂಘವನ್ನು ನೋಂದಾಯಿಸಬಹುದು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಕಡ್ಡಾಯವಾಗಿರಲಿ, ಖರ್ಚಿನ ಪಟ್ಟಿಯನ್ನು ಪ್ರತಿ ತಿಂಗಳು ಅರಳಿಕಟ್ಟೆಯಲ್ಲೋ ಹಾಲಿನ ಡೇರಿಯ ಗೋಡೆಯಲ್ಲೋ ಅಂಟಿಸಿ. ಗ್ರಾಮ ಪಂಚಾಯಿತಿಯನ್ನು ಬಿಟ್ಟು ಕೆಲಸ ಮಾಡಬೇಡಿ. ಗ್ರಾಮಸಭೆಯಲ್ಲಿ ನಿಮ್ಮ ಕೆಲಸದ ಪಟ್ಟಿ ನಿರ್ಣಯವಾಗಿ ಬರೆಯಲ್ಪಟ್ಟರೆ, ಉದ್ಯೋಗ ಖಾತರಿಯ ಕೂಲಿಯಿಂದ ಕಾಲುವೆ ತೆಗೆಸಲು, ಬದು ಹಾಕಿಸಲು ದಾರಿಯಾಗುತ್ತದೆ. ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಅದು ಕಾಗದದಲ್ಲಿ ಮಾತ್ರ ಇರುವುದರಿಂದ, ಸದಸ್ಯರು ಯಾರೆಂದು ಕೇಳಿ ತಿಳಿದು ಅವರನ್ನು ನಡಿಗೆಗೆ ಕರೆಯಿರಿ.

ಲೆಕ್ಕದ ಪುಸ್ತಕ

ಉದ್ದ ರಟ್ಟಿನ ಒಂದು ಪುಸ್ತಕ, ಒಂದು ಮಳೆಮಾಪಕ, ಒಂದು ಟೇಪು. ಇವು ಮೂರಿದ್ದರೆ ಆರಂಭಿಸಬಹುದು. ಮಳೆಮಾಪಕವನ್ನು ಮರ, ಗೋಡೆಗಳ ನೆರಳಿಲ್ಲದ ಬಯಲಲ್ಲಿ ನಿಲ್ಲಿಸಿ, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಒಬ್ಬರೇ ಓದಬೇಕು. ಮಳೆ ಬಾರದ ದಿನವೂ ಸೊನ್ನೆ ಎಂದು ಬರೆಯಬೇಕು. ಖಾಲಿ ಬಿಟ್ಟರೆ, ಮಳೆ ಬರಲಿಲ್ಲವೋ ಓದುವವರು ಬರಲಿಲ್ಲವೋ ಎಂಬುದು ಮುಂದಿನ ವರ್ಷ ಯಾರಿಗೂ ತಿಳಿಯುವುದಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪನ ಯಂತ್ರಗಳು ಪಂಚಾಯಿತಿ ಮಟ್ಟದಲ್ಲಿ ಇವೆಯಾದ್ದರಿಂದ ನಿಮ್ಮ ಅಂಕಿಗಳನ್ನು ಅದರೊಂದಿಗೆ ತಾಳೆ ನೋಡಬಹುದು.

ಮಿಲಿಮೀಟರ್ ಎಂಬ ಅಳತೆ ಊರವರಿಗೆ ಏನನ್ನೂ ಹೇಳುವುದಿಲ್ಲ ಎಂದು ನನಗೆ ಮೊದಲು ಅನ್ನಿಸಿತ್ತು. ಅದನ್ನು ಲೀಟರಿಗೆ ತಿರುಗಿಸಿದ ಮೇಲೆ ಮಾತು ಬದಲಾಯಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆಗೆ ಸುಮಾರು 4,047 ಚದರ ಮೀಟರ್. ಹಾಗಾಗಿ 25 ಮಿಲಿಮೀಟರಿನ ಒಂದು ಹದವಾದ ಮಳೆ ಒಂದು ಎಕರೆಗೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ನೀರನ್ನು ತಂದು ಸುರಿಯುತ್ತದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ರೈತರ ಮುಂದೆ ಈ ಲೆಕ್ಕವನ್ನು ಇಟ್ಟಾಗ, ಬದು ಹಾಕುವ ವಿಷಯವನ್ನು ಎರಡನೆಯ ಸಲ ಹೇಳಬೇಕಾಗಿ ಬರಲಿಲ್ಲ.

ಹಳ್ಳ ಹರಿಯುವಾಗ ಹರಿವನ್ನೂ ಅಳೆಯಿರಿ. ನೇರವಾಗಿ ಹರಿಯುವ ಹತ್ತು ಮೀಟರ್ ಜಾಗ ಆರಿಸಿ, ಎರಡೂ ತುದಿಗೆ ಹಗ್ಗ ಕಟ್ಟಿ, ಮೇಲಿನ ಹಗ್ಗದ ಬಳಿ ಒಂದು ಕಿತ್ತಳೆ ಹಣ್ಣನ್ನು ತೇಲಿಬಿಟ್ಟು ಕೆಳಗಿನ ಹಗ್ಗಕ್ಕೆ ಎಷ್ಟು ಸೆಕೆಂಡಿಗೆ ಬರುತ್ತದೆ ನೋಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ನೀರಿನ ಅಗಲ ಎರಡು ಮೀಟರ್, ಸರಾಸರಿ ಆಳ ಕಾಲು ಮೀಟರ್, ಹಣ್ಣು ಇಪ್ಪತ್ತು ಸೆಕೆಂಡಿನಲ್ಲಿ ಬಂದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ಮೇಲ್ಪದರದ ನೀರು ತಳದ ನೀರಿಗಿಂತ ಚುರುಕಾಗಿ ಓಡುವುದರಿಂದ ಅದನ್ನು 0.85ರಿಂದ ಗುಣಿಸಬೇಕು. ಆಗ ಹರಿವು ಸೆಕೆಂಡಿಗೆ ಸುಮಾರು 212 ಲೀಟರ್ ಆಗುತ್ತದೆ. ನೀರು ಮೊಣಕಾಲಿಗಿಂತ ಮೇಲಿದ್ದರೆ ಯಾರೂ ಇಳಿಯಬಾರದು. ದಡದಿಂದಲೇ ನೋಡಿ, ಅಳತೆ ಸಿಕ್ಕಲಿಲ್ಲ ಎಂದು ಬರೆದರೆ ಸಾಕು.

ತೆರೆದ ಬಾವಿ ಉಳಿದಿದ್ದರೆ ಪ್ರತಿ ತಿಂಗಳ ಮೊದಲ ದಿನ, ಮೋಟಾರ್ ಹಾಕುವ ಮುನ್ನ, ಬಾವಿಕಟ್ಟೆಯ ಒಂದೇ ಗುರುತಿನಿಂದ ಟೇಪು ಇಳಿಸಿ ನೀರಿನ ಮಟ್ಟ ಬರೆಯಿರಿ. ಹೊಸದಾಗಿ ಕೊರೆಸಿದ ಕೊಳವೆಬಾವಿ ಎಷ್ಟು ಅಡಿಗೆ ನೀರು ಕೊಟ್ಟಿತು ಎಂಬುದನ್ನು ಒಂದು ಪುಟದಲ್ಲಿ ವರ್ಷವಾರು ಬರೆದುಕೊಂಡು ಹೋಗಿ. ಈ ಪುಟದಷ್ಟು ಸ್ಪಷ್ಟವಾಗಿ ಮಾತಾಡುವ ಇನ್ನೊಂದು ಪುಟವನ್ನು ನಾನು ಕಂಡಿಲ್ಲ.

ನೆತ್ತಿಯ ಕೆಲಸ

ಗುಡ್ಡದ ಮೇಲಿನ ಜಾಗ ಹೆಚ್ಚಾಗಿ ಅರಣ್ಯ ಇಲಾಖೆಯದು ಅಥವಾ ಗೋಮಾಳ. ಅನುಮತಿ ಇಲ್ಲದೆ ಗುದ್ದಲಿ ಹಾಕುವುದು ಕಾನೂನಿಗೆ ವಿರುದ್ಧ. ವಲಯ ಅರಣ್ಯಾಧಿಕಾರಿಗೆ, ಗೋಮಾಳವಾದರೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಉತ್ತರ ಬರುವವರೆಗೆ ಕಾಯಬೇಕು. ಕುರಿ ಮೇಯಿಸುವವರ ಒಪ್ಪಿಗೆ ಇದಕ್ಕಿಂತ ಮೊದಲಿನದು. ಇಡೀ ಗುಡ್ಡವನ್ನು ಮೇವಿಗೆ ಮುಚ್ಚಿದರೆ ಮೊದಲ ಬೇಸಿಗೆಯಲ್ಲೇ ಬೇಲಿ ಮುರಿಯುತ್ತದೆ. ಮೂರನೆಯ ಒಂದು ಪಾಲನ್ನು ಎರಡು ಮೂರು ಮಳೆಗಾಲ ಬಿಟ್ಟು, ಹುಲ್ಲು ಕಚ್ಚಿದ ಮೇಲೆ ಇನ್ನೊಂದು ಪಾಲಿಗೆ ಹೋಗುವುದು ನಡೆಯುವ ದಾರಿ.

ಇಳಿಜಾರಿನಲ್ಲಿ ನೀರನ್ನು ಇಂಗಿಸುವ ಟ್ರೆಂಚುಗಳು ಸಮಮಟ್ಟದ ಗೆರೆಯ ಮೇಲೆ ಇರಬೇಕು. ಗೆರೆ ಒಂದು ಗೇಣು ತಪ್ಪಿದರೂ ನೀರು ತಗ್ಗಿನ ತುದಿಗೆ ನುಗ್ಗಿ ಅಲ್ಲಿ ಕೊರಕಲು ಮಾಡುತ್ತದೆ. ಇದಕ್ಕೆ ಎ ಫ್ರೇಮ್ ಸಾಕು. ಎರಡು ಮೀಟರ್ ಉದ್ದದ ಎರಡು ಗಳುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿದು, ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ನೆಲದ ಮೇಲೆ ಎರಡು ಕಾಲುಗಳ ಜಾಗಕ್ಕೂ ಗೂಟ ಹೊಡೆದು, ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಮಾಡಿ. ಈಗ ಫ್ರೇಮನ್ನು ತಿರುಗಿಸಿ ಕಾಲುಗಳನ್ನು ಅದಲುಬದಲು ನಿಲ್ಲಿಸಿ ಮತ್ತೆ ಗುರುತು ಮಾಡಿ. ಎರಡು ಗುರುತುಗಳ ನಟ್ಟನಡುವಿನ ಬಿಂದುವೇ ಸಮಮಟ್ಟದ ಗುರುತು. ದಾರ ಅಲ್ಲಿಗೆ ಬಂದಾಗ ಎರಡೂ ಕಾಲು ಒಂದೇ ಮಟ್ಟದಲ್ಲಿವೆ. ಒಂದು ಕಾಲನ್ನು ಊರಿಕೊಂಡು ಇನ್ನೊಂದನ್ನು ತಿರುಗಿಸುತ್ತ, ದಾರ ಗುರುತಿಗೆ ಬಂದಲ್ಲೆಲ್ಲ ಸುಣ್ಣ ಹಾಕುತ್ತ ಗುಡ್ಡವನ್ನು ಅಡ್ಡವಾಗಿ ದಾಟಿ. ಗಾಳಿಯಿರುವ ಮಧ್ಯಾಹ್ನ ದಾರ ನಿಲ್ಲುವುದಿಲ್ಲ, ಬೆಳಿಗ್ಗೆಯೇ ಈ ಕೆಲಸ ಮುಗಿಸಬೇಕು. ಶಾಲೆಯ ಏಳನೆಯ ತರಗತಿಯ ಮಕ್ಕಳು ಇದನ್ನು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ, ಮತ್ತು ದೊಡ್ಡವರಿಗಿಂತ ಕಟ್ಟುನಿಟ್ಟಾಗಿ ಮಾಡುತ್ತಾರೆ.

ಸುಣ್ಣದ ಗೆರೆಯ ಮೇಲೆ ನಾಲ್ಕು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಟ್ರೆಂಚ್ ತೆಗೆಯಿರಿ. ಒಂದು ಸಲ ತುಂಬಿದರೆ ಅದರಲ್ಲಿ ಸಾವಿರ ಲೀಟರ್ ನೀರು. ಮೇಲಿನ ಸಾಲಿನ ಎರಡು ಟ್ರೆಂಚುಗಳ ನಡುವಿನ ಜಾಗಕ್ಕೆ ಎದುರಾಗಿ ಕೆಳಗಿನ ಸಾಲಿನ ಟ್ರೆಂಚ್ ಬರುವಂತೆ ಎಡೆ ಬಿಟ್ಟು ತೆಗೆಯಬೇಕು, ತೆಗೆದ ಮಣ್ಣನ್ನು ಕೆಳಗಿನ ಬದಿಗೆ ಬದುವಾಗಿ ಹಾಕಬೇಕು. ಕಲ್ಲು ಇರುವ ಕಡೆ, ಈಗಾಗಲೇ ಬೇರು ಹಿಡಿದ ಮರದ ಬುಡದಲ್ಲಿ, ತೀರ ಕಡಿದಾದ ಇಳಿಜಾರಿನಲ್ಲಿ ತೆಗೆಯಬೇಡಿ. ಸಣ್ಣ ಕೊರಕಲುಗಳಿಗೆ ಅಲ್ಲೇ ಸಿಗುವ ಕಲ್ಲಿನ ತಡೆ ಹಾಕಿ: ನಡುವೆ ತಗ್ಗು, ಎರಡು ಬದಿ ಎತ್ತರ, ಬದಿಗಳು ದಡದೊಳಗೆ ಹೂತಿರಲಿ. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡಕ್ಕೆ ಸಮನಾಗಿ ಬರುವ ಅಂತರದಲ್ಲಿ ಒಂದಾದ ಮೇಲೊಂದು ಹಾಕುತ್ತ ಹೋದರೆ ಹೂಳು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತದೆ.

ಗಿಡದ ವಿಚಾರದಲ್ಲಿ ಆತುರ ಒಳ್ಳೆಯದಲ್ಲ. ನಾವು ಮೊದಲ ವರ್ಷ ಜೂನ್ ತಿಂಗಳ ಒಂದೇ ದಿನ ನಾನೂರು ಸಸಿ ನೆಟ್ಟು ಮನೆಗೆ ಹೋದೆವು. ಫೆಬ್ರವರಿಗೆ ಬದುಕಿ ಉಳಿದಿದ್ದನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಮರುವರ್ಷ ಐವತ್ತು ನೆಟ್ಟು, ಪ್ರತಿ ಐದು ಗಿಡಕ್ಕೆ ಒಂದು ಮನೆಯ ಹೆಸರು ಬರೆದು, ಎರಡು ಬೇಸಿಗೆ ನೀರುಣಿಸಿದ ಮೇಲೆಯೇ ಮುಂದಿನ ಐವತ್ತಕ್ಕೆ ಕೈ ಹಾಕಿದೆವು. ಹಳ್ಳದ ದಂಡೆಗೆ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ, ಬಿದಿರು. ದಡ ಕುಸಿಯುವಲ್ಲಿ ಲಕ್ಕಿ. ಬದುವಿನ ಮೇಲೆ ಲಾವಂಚ. ಗುಡ್ಡದ ಮೇಲೆ ನೆಡುವುದಕ್ಕಿಂತ ಹುಲ್ಲಿನ ಬೀಜ ಉದುರಲು ಬಿಡುವುದು ಹಲವು ಕಡೆ ಹೆಚ್ಚು ಉಪಯುಕ್ತ, ಏಕೆಂದರೆ ಮಳೆಹನಿಯ ಪೆಟ್ಟಿನಿಂದ ಮಣ್ಣನ್ನು ಮೊದಲು ಕಾಯುವುದು ಹುಲ್ಲು.

ತಡೆ ಕಟ್ಟುವ ಮುನ್ನ ಕೆಳಗಿನವರನ್ನು ಕೇಳುವುದು

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳಲೇಬೇಕು. ಉತ್ಸಾಹದಲ್ಲಿ ನಾವು ಒಂದೇ ಹಳ್ಳಕ್ಕೆ ಮೂರು ಚೆಕ್‌ಡ್ಯಾಮ್ ಆಗಬೇಕೆಂದು ಪಂಚಾಯಿತಿಗೆ ಬರೆದಿದ್ದೆವು. ಎರಡು ಕಟ್ಟಿಯಾಗಿತ್ತು. ಕೆಳಗಿನ ಊರಿನ ಹಿರಿಯ ನೀರುಗಂಟಿಯೊಬ್ಬರು ಒಂದು ಸಂಜೆ ನಮ್ಮಲ್ಲಿಗೆ ನಡೆದುಬಂದು, ಕಟ್ಟೆಯ ಮೇಲೆ ಕುಳಿತು, ನಿಧಾನವಾಗಿ ಕೇಳಿದರು: "ಮೇಲೆ ನೀವು ಕಟ್ಕೊಂಡ್ರೆ ಕೆಳಗಡೆ ಕೆರೆಗೆ ಏನಪ್ಪಾ ಬರೋದು?" ನಮ್ಮಲ್ಲಿ ಉತ್ತರವಿರಲಿಲ್ಲ. ಅಂತರ್ಜಲ ಆಳಕ್ಕೆ ಇಳಿದಿರುವ ಜಾಗದಲ್ಲಿ ಮೇಲೆ ಇಂಗಿಸಿದ ನೀರು ಹಿಂದಿನಂತೆ ಕೆಳಗೆ ಒರತೆಯಾಗಿ ಹೊರಬರುವುದಿಲ್ಲ. ಅದು ಸುತ್ತಲಿನ ಕೊಳವೆಬಾವಿಗಳಿಗೆ ಹೋಗುತ್ತದೆ. ಮೇಲಿನವರಿಗೆ ಲಾಭವಾದದ್ದು ಕೆಳಗಿನವರ ಪಾಲಿನಿಂದಲೇ ಕಳೆದಿರಬಹುದು. ಮೂರನೆಯದನ್ನು ನಾವು ಕೈಬಿಟ್ಟೆವು, ಎರಡನೆಯದರ ನಡುವೆ ಗೇಟು ಇಡಿಸಿದೆವು. ಮಳೆಗಾಲದ ಮೊದಲ ಪಾಲು ಕೆಳಗಿನ ಕೆರೆಗೆ ಎಂದು ಎರಡು ಊರುಗಳೂ ಕೂಡಿ ಬರೆದುಕೊಂಡೆವು.

ಆದ್ದರಿಂದ ಯಾವ ಕಟ್ಟಡಕ್ಕೂ ಮುನ್ನ ಸರಪಳಿಯ ಕೆಳಗಿನ ಎರಡು ಊರುಗಳ ಜನರನ್ನು ಕರೆದು ಕೂರಿಸಿ, ಲೆಕ್ಕದ ಪುಸ್ತಕವನ್ನು ಮುಂದಿಟ್ಟು ಮಾತಾಡಿ. ಗುಡ್ಡದ ಟ್ರೆಂಚ್, ಹೊಲದ ಬದು, ಹುಲ್ಲು ಇವು ಮಣ್ಣನ್ನು ಹಿಡಿಯುತ್ತವೆ, ಕೆರೆಗೆ ಹೂಳು ಬರುವುದನ್ನು ತಡೆಯುತ್ತವೆ. ಇವುಗಳ ಬಗ್ಗೆ ಜಗಳ ಬರುವುದು ಕಡಿಮೆ. ಹಳ್ಳಕ್ಕೆ ಅಡ್ಡ ಹಾಕುವ ಕಾಂಕ್ರೀಟಿಗೆ ಮಾತ್ರ ಕೆಳಗಿನವರ ಒಪ್ಪಿಗೆ ಬೇಕೇ ಬೇಕು.

ಕಾಲುವೆ ಮತ್ತು ಕೆರೆ

ಕೆರೆಯ ಹೂಳೆತ್ತುವುದಕ್ಕಿಂತ ಮೊದಲು ಪೋಷಕ ಕಾಲುವೆಗಳನ್ನು ತೆರವು ಮಾಡಬೇಕು, ಇಲ್ಲವಾದರೆ ಆಳವಾದ ಖಾಲಿ ಕೆರೆ ಉಳಿಯುತ್ತದೆ. ಒತ್ತುವರಿ ಕಂಡರೆ ನೀವೇ ಬೇಲಿ ಕೀಳಬೇಡಿ. ಸರ್ವೆ ಮಾಡಿಸಲು ಅರ್ಜಿ ಹಾಕಿ, ಗುರುತು ಕಲ್ಲು ನೆಡಿಸಿ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 104ನೆಯ ಕಲಮಿನ ಅಡಿ ಸರ್ಕಾರಿ ಜಾಗದ ಒತ್ತುವರಿ ತೆರವಿಗೆ ಅವಕಾಶವಿದೆ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅದಕ್ಕೆ 30 ದಿನದೊಳಗೆ ಉತ್ತರ ಕೊಡಬೇಕು. ಆದರೂ ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಒತ್ತುವರಿಗಳು, ಮನೆಗೆ ಹೋಗಿ ಗ್ರಾಮ ನಕ್ಷೆ ತೋರಿಸಿ ಮರ್ಯಾದೆಯಿಂದ ಕೇಳಿಕೊಂಡಾಗ ಬಿಟ್ಟುಕೊಡಲ್ಪಟ್ಟಿವೆ. ಸಭೆಯಲ್ಲಿ ಎಲ್ಲರ ಮುಂದೆ ಹೆಸರು ಹೇಳಿಸಿಕೊಂಡವರು ಒಬ್ಬರೂ ಬಿಟ್ಟುಕೊಟ್ಟಿಲ್ಲ.

ಗೋಡು, ಅಂದರೆ ಕೆರೆಯ ಹೂಳು, ತೆಗೆಯುವಾಗ ಸಣ್ಣ ನೀರಾವರಿ ಇಲಾಖೆಯ ಅಥವಾ ಪಂಚಾಯತ್ ರಾಜ್ ಎಂಜಿನಿಯರ್ ಗುರುತು ಹಾಕಿಕೊಟ್ಟಷ್ಟನ್ನೇ ತೆಗೆಯಬೇಕು. ಕೆರೆಯ ನೀರನ್ನು ತಡೆದು ನಿಲ್ಲಿಸುವ ಏರಿಯ ಬುಡವನ್ನು ಕೆರೆದರೆ ಏರಿ ಸಡಿಲವಾಗುತ್ತದೆ. ತಳದ ಜೇಡಿಯ ಪದರವನ್ನು ಸೀಳಿದರೆ ನೀರು ನಿಲ್ಲುವುದಿಲ್ಲ. ಜೆಸಿಬಿ ತೆಗೆದ ನೇರ ಅಂಚಿನ ಆಳದ ಗುಂಡಿಗಳು ನೀರು ತುಂಬಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಈಜಲು ಇಳಿದ ಮಕ್ಕಳ ಪ್ರಾಣಕ್ಕೆ ಅಪಾಯ ತರುತ್ತವೆ. ಅಂಚು ಇಳಿಜಾರಾಗಿರಲಿ. ತೆಗೆದ ಗೋಡನ್ನು ಮೊದಲು ಸುತ್ತಲಿನ ಹೊಲಗಳಿಗೆ ಕೊಡಿ. ರಾಗಿ ಹೊಲಕ್ಕೆ ಕೆರೆ ಗೋಡು ಹೊಡೆಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಮರಳಿನ ಆಸೆಗೆ ಬರುವ ಲಾರಿಗಳನ್ನು ದೂರವಿಡಿ. ತೂಬು, ಕೋಡಿಗಳನ್ನು ವರ್ಷಕ್ಕೊಮ್ಮೆ, ಮುಂಗಾರಿಗೆ ಮುನ್ನ, ಕಸ ತೆಗೆದು ನೋಡಬೇಕು. ಏರಿಯ ಮೇಲೆ ಬೆಳೆದ ಜಾಲಿಯನ್ನು ಸಣ್ಣದಿರುವಾಗಲೇ ಕೀಳಬೇಕು.

ಕೊಳಚೆ ಬಂದಾಗ

ದೊಡ್ಡಬಳ್ಳಾಪುರದ ಕೆಳಗಿನ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಪಟ್ಟಣದ ಮತ್ತು ಕೈಗಾರಿಕೆಗಳ ಕೊಳಕು ನೀರು ಸೇರುತ್ತಿದೆ ಎಂದು ಅಲ್ಲಿನ ಗ್ರಾಮಸ್ಥರು ವರ್ಷಗಳಿಂದ ದನಿ ಎತ್ತುತ್ತ ಬಂದಿದ್ದಾರೆ. ಇಂಥ ಕಡೆ ಸ್ವಯಂಸೇವಕರು ಮಾಡಬಹುದಾದ ಮುಖ್ಯ ಕೆಲಸ ವೇಳೆಯ ದಾಖಲೆ. ನೀವು ಬಾಟಲಿಯಲ್ಲಿ ತುಂಬಿಕೊಂಡು ಹೋದ ನೀರು ಎಷ್ಟು ಕಪ್ಪಗಿದ್ದರೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ. ಜಲ ಮಾಲಿನ್ಯ ಕಾಯ್ದೆ, 1974ರ 21ನೆಯ ಕಲಮಿನ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ನೋಟಿಸು ಕೊಟ್ಟು ವಿಧಿಬದ್ಧವಾಗಿ ತೆಗೆದ ಮಾದರಿಗೇ ಬೆಲೆ. ಅಧಿಕಾರಿ ಬರುವ ಹೊತ್ತಿಗೆ ನೀರು ತಿಳಿಯಾಗಿರುತ್ತದೆ ಎಂಬುದು ಎಲ್ಲರ ದೂರು. ಹಾಗಾಗಿ ಎರಡು ತಿಂಗಳು ಪಾಳಿ ಹಾಕಿಕೊಂಡು, ಯಾವ ವಾರ, ಯಾವ ಗಂಟೆಗೆ ನೊರೆ ಬರುತ್ತದೆ, ಬಣ್ಣ ಯಾವುದು, ಯಾವ ಮೋರಿಯಿಂದ ಬರುತ್ತದೆ ಎಂದು ದಿನಾಂಕ, ಜಾಗದ ಗುರುತು ಇರುವ ಫೋಟೊಗಳೊಂದಿಗೆ ಬರೆದಿಡಿ. ಆ ಪಟ್ಟಿಯನ್ನು ಲಗತ್ತಿಸಿ, ಇಂಥ ದಿನ ಇಂಥ ಹೊತ್ತಿಗೇ ಬರಬೇಕೆಂದು ಲಿಖಿತವಾಗಿ ಕೇಳಿ. ರಾತ್ರಿ ಪಾಳಿಗೆ ಒಬ್ಬರೇ ಹೋಗಬಾರದು, ಕಾರ್ಖಾನೆಯ ಆವರಣದೊಳಗೆ ಕಾಲಿಡಬಾರದು.

ನಿಮ್ಮ ತಿಳಿವಳಿಕೆಗಾಗಿ ತಿಂಗಳಿಗೊಮ್ಮೆ ಸರಳ ಪರೀಕ್ಷೆ ಮಾಡಿಕೊಳ್ಳಬಹುದು. ಪಿಎಚ್ 6.5ರಿಂದ 8.5ರೊಳಗೆ ಇದೆಯೇ, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಕೆಳಗೆ ಹೋಗಿದೆಯೇ ನೋಡಿ. ಅದಕ್ಕಿಂತ ಕೆಳಗಾದರೆ ಮೀನಿಗೆ ಉಸಿರು ಕಟ್ಟುತ್ತದೆ. ಕುಡಿಯುವ ಕೊಳವೆಬಾವಿಗಳಲ್ಲಿ ಫ್ಲೋರೈಡ್ 1.5, ನೈಟ್ರೇಟ್ 45 ಮಿಲಿಗ್ರಾಂ ಮೀರಿದರೆ ಪಂಚಾಯಿತಿಗೆ ಅಂದೇ ತಿಳಿಸಬೇಕು. ಕೊಳಚೆಯಿರುವಲ್ಲಿ ಗಂಬೂಟು, ಕೈಗವಸು ಇಲ್ಲದೆ ಯಾರನ್ನೂ ಇಳಿಸಬೇಡಿ, ಇಲಿಜ್ವರ ಬರುವುದು ಇಂಥ ನೀರಿನಿಂದಲೇ. ಒಳಚರಂಡಿಯ ಗುಂಡಿಗೆ ಮನುಷ್ಯರನ್ನು ಇಳಿಸುವ ಮಾತೇ ಬೇಡ.

ನೀಲಗಿರಿ ಮತ್ತು ಕೊಳವೆಬಾವಿ

ಇದು ಎಲ್ಲಕ್ಕಿಂತ ಕಷ್ಟದ ಕೆಲಸ, ಎಲ್ಲಕ್ಕಿಂತ ಹೆಚ್ಚು ಫಲ ಕೊಡಬಹುದಾದದ್ದೂ ಹೌದು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದೆ. ಆದರೆ ಕಡಿದ ಬುಡದಿಂದ ಮತ್ತೆ ಮತ್ತೆ ಚಿಗುರುವ ಹಳೆಯ ತೋಪುಗಳು ಉಳಿದೇ ಇವೆ. ಅದನ್ನು ಹಾಕಿದ ರೈತರು ತಪ್ಪು ಮಾಡಿದವರಲ್ಲ. ಕೂಲಿಯಾಳು ಸಿಗದೆ, ಮಕ್ಕಳು ನಗರಕ್ಕೆ ಹೋಗಿ, ಹೊಲ ನೋಡುವವರಿಲ್ಲದೆ ಹಾಕಿದವರು. ಅವರ ಬಳಿ ಹೋಗುವಾಗ ಬುಡ ಕೀಳಿಸಲು ಯಂತ್ರದ ಬಾಡಿಗೆಗೆ ಎಲ್ಲಿಂದ ಸಹಾಯ ಬರಬಹುದು, ಆ ಜಾಗದಲ್ಲಿ ಮಾವು, ಹಲಸು, ಹುಣಸೆ, ಹೊಂಗೆಗೆ ತೋಟಗಾರಿಕೆ ಮತ್ತು ಅರಣ್ಯ ಇಲಾಖೆಗಳಿಂದ ಏನು ಸಿಗುತ್ತದೆ, ಮರ ಬರುವವರೆಗೆ ಸಾಲಿನ ನಡುವೆ ರಾಗಿ, ಹುರುಳಿ ಹಾಕಿದರೆ ಹೇಗೆ ಎಂಬ ವಿವರ ಕೈಯಲ್ಲಿರಲಿ. ಒಂದು ತೋಪು ಹೋದ ಮೇಲೆ ಪಕ್ಕದ ಬಾವಿಯ ಅಂಕಿಗಳನ್ನು ಎರಡು ಮಳೆಗಾಲ ನೋಡಿ ಎಲ್ಲರಿಗೂ ತೋರಿಸಿ.

ಕೊಳವೆಬಾವಿ ಮುಚ್ಚಿ ಎಂದು ಯಾರನ್ನೂ ಕೇಳಲಾಗದು. ಕೇಳಬಹುದಾದದ್ದು ಇಷ್ಟು: ಹನಿ ನೀರಾವರಿ, ನೆಲಕ್ಕೆ ಹೊದಿಕೆ, ನೀರು ಹೆಚ್ಚು ಕುಡಿಯುವ ಬೆಳೆಯ ಬದಲಿಗೆ ಬೇರೆಯದು, ಬತ್ತಿದ ಬಾವಿಯ ಬಾಯಿಯನ್ನು ಮಕ್ಕಳು ಬೀಳದಂತೆ ಭದ್ರವಾಗಿ ಮುಚ್ಚುವುದು. ಬೇಸಿಗೆಗೆ ಮುನ್ನ, ಜನವರಿಯಲ್ಲಿ, ಬಾವಿಗಳ ಮಟ್ಟವನ್ನು ಊರ ಮುಂದೆ ಓದಿ, ಈ ವರ್ಷ ಎಷ್ಟು ಎಕರೆಗೆ ಬೇಸಿಗೆ ಬೆಳೆ ಹಾಕಬಹುದು ಎಂದು ಕೂಡಿ ಮಾತಾಡಿಕೊಂಡರೆ, ಮೊದಲ ವರ್ಷ ನಾಲ್ಕು ಜನ ಕೇಳುತ್ತಾರೆ, ಎರಡನೆಯ ವರ್ಷ ಹತ್ತು.

ವರ್ಷದ ಪಾಳಿ

ಜನವರಿಯಿಂದ ಮಾರ್ಚಿಯವರೆಗೆ ಸರ್ವೆ, ಅರ್ಜಿ, ಮಾತುಕತೆ. ಏಪ್ರಿಲ್ ಮೇಯಲ್ಲಿ ಕಾಲುವೆ, ಕೋಡಿ, ಟ್ರೆಂಚ್, ಗೋಡು. ಬಿಸಿಲು ಏರುವ ಮುನ್ನ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ. ಜೂನ್ ಜುಲೈಯಲ್ಲಿ ನೆಡುವುದು. ಈ ಸೀಮೆಯಲ್ಲಿ ಕೆರೆ ತುಂಬುವ ಮಳೆ ಸಾಮಾನ್ಯವಾಗಿ ಸೆಪ್ಟೆಂಬರ್ ಅಕ್ಟೋಬರಿನದು, ಆಗ ಏರಿಯನ್ನು ದಿನಕ್ಕೆ ಎರಡು ಸಲ ನಡೆದು ನೋಡಬೇಕು: ಏರಿಯ ಹೊರಮೈಯಲ್ಲಿ ತೇವ ಕಂಡರೆ, ಸೋರುವ ನೀರು ಮಣ್ಣಿನ ಬಣ್ಣಕ್ಕೆ ತಿರುಗಿದರೆ, ಆ ಕ್ಷಣವೇ ಎಂಜಿನಿಯರ್ ಮತ್ತು ತಹಶೀಲ್ದಾರರಿಗೆ ಫೋನ್ ಮಾಡಿ ಕೆಳಗಿನ ಮನೆಗಳವರನ್ನು ಎಚ್ಚರಿಸಬೇಕು. ಕೋಡಿ ಹರಿದ ದಿನ ಊರವರು ಬಾಗಿನ ಬಿಡಲು ಬರುತ್ತಾರೆ. ಪ್ಲಾಸ್ಟಿಕ್ ಚೀಲ ಹೊರಗೇ ಉಳಿಯುವಂತೆ ಏರಿಯ ಬಾಯಲ್ಲಿ ಇಬ್ಬರು ನಿಂತಿರಲಿ, ಹೂವು, ಹಣ್ಣು, ಮೊರ ಮಾತ್ರ ನೀರಿಗೆ ಹೋಗಲಿ.

ಪ್ರತಿ ವರ್ಷ ಡಿಸೆಂಬರಿನಲ್ಲಿ ಮಳೆಮಾಪಕ ಓದುವ ಜವಾಬ್ದಾರಿಯನ್ನು ಇನ್ನೊಂದು ಮನೆಗೆ ದಾಟಿಸಿ. ಹಳೆಯವರು ಹೊಸಬರೊಂದಿಗೆ ಒಂದು ವಾರ ನಿಂತು, ಕಣ್ಣಿನ ಮಟ್ಟವನ್ನು ನೀರಿನ ಮಟ್ಟಕ್ಕೆ ಇಳಿಸಿ ಓದುವುದನ್ನು ತೋರಿಸಿಕೊಡಲಿ. ಪುಸ್ತಕದ ಪ್ರತಿ ಪುಟದ ಫೋಟೊ ತೆಗೆದು ಮೂವರ ಮೊಬೈಲಿನಲ್ಲಿ ಇಟ್ಟುಕೊಂಡು, ಮೂಲ ಪುಸ್ತಕವನ್ನು ಪಂಚಾಯಿತಿ ಗ್ರಂಥಾಲಯದ ಬೀರುವಿನಲ್ಲಿ ಇಡಿ.